ಮೂರು ಕಾಲದ ಇಂಗ್ಲಿಷಿನಲ್ಲಿ ಅಡಿಸ್ ಅಬಾಬಾ

ಕಾಚಿಗೂಡ

ಎಲ್ಲಕ್ಕಿಂತ ಮೊದಲು ಒಂದು ಮಾತು ಹೇಳಿಬಿಡುತ್ತೇನೆ: ನಾನು ವಿಮಾನದಲ್ಲಿ ಕಿಟಕಿಯ ಪಕ್ಕ ಕೂತಿದ್ದೆ! ನಲವತ್ತೇಳು ವರ್ಷ ವಯಸ್ಸು, ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಫಿಟರ್ ಕೆಲಸ, ಅಂಗೈ ತುಂಬ ಗ್ರೀಸಿನ ಗೆರೆ. ಅಂಥ ಬಸವರಾಜ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗಿ, ಹನ್ನೆರಡು ದಿನ ಇದ್ದು, ಇಂಗ್ಲಿಷಿನಲ್ಲಿ ಮಾತಾಡಿ ಬಂದ ಎಂದರೆ ಗುಲ್ಬರ್ಗಾದ ನನ್ನ ಭಾವಮೈದುನರು ಇವತ್ತಿಗೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನಾನಂತೂ ಹೇಳುವುದನ್ನು ನಿಲ್ಲಿಸುವುದಿಲ್ಲ.

ನಡೆದದ್ದು ಇಷ್ಟು. ನಮ್ಮ ಕಾರ್ಖಾನೆಯಲ್ಲಿ ಪುಡಿಯನ್ನು ಒತ್ತಿ ಗುಳಿಗೆ ಮಾಡುವ ಒಂದು ಹಳೆಯ ಮೆಷಿನ್ ಇತ್ತು. ಹದಿನೈದು ವರ್ಷ ಅದರ ಜೊತೆ ಏಗಿದವನು ನಾನು. ಹೊಸ ಮೆಷಿನ್ ಬಂದ ಮೇಲೆ ಹಳೆಯದನ್ನು ಇಥಿಯೋಪಿಯಾ ದೇಶದ ರಾಜಧಾನಿ ಅಡಿಸ್ ಅಬಾಬಾದ ಒಂದು ಕಾರ್ಖಾನೆ ಕೊಂಡುಕೊಂಡಿತು. ಬಿಚ್ಚಿ, ಪೆಟ್ಟಿಗೆಗಳಿಗೆ ತುಂಬಿ, ಹಡಗಿನಲ್ಲಿ ಕಳಿಸಿದ್ದಾಯಿತು. ಅಲ್ಲಿ ಹೋಗಿ ಜೋಡಿಸಿ, ಅಲ್ಲಿಯವರಿಗೆ ಕಲಿಸಿ ಬರಬೇಕಾಗಿದ್ದ ನಮ್ಮ ಇಂಜಿನಿಯರು ಸರಿಯಾಗಿ ಅದೇ ಹೊತ್ತಿಗೆ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡರು. ಮೆಷಿನ್ ಗೊತ್ತಿರುವುದು ಬಸವರಾಜನಿಗೆ, ಅವನೇ ಹೋಗಲಿ ಅಂದುಬಿಟ್ಟರು ಮ್ಯಾನೇಜರು. ಮೆಷಿನ್ ಗೊತ್ತಿತ್ತು, ನಿಜ. ಇಂಗ್ಲಿಷು? ಎಸ್, ನೋ, ಥ್ಯಾಂಕ್ಯೂ. ಅಲ್ಲಿಗೆ ನನ್ನ ಗಂಟು ಖಾಲಿ.

ಕೈಯಲ್ಲಿದ್ದದ್ದು ಇಪ್ಪತ್ತು ದಿನ. ನನ್ನ ಹೆಂಡತಿ ಶಾಂತಾ ಅವತ್ತೇ ನನ್ನನ್ನು ಪದ್ಮಾವತಿ ಅಕ್ಕೋರ ಮನೆಗೆ ಎಳೆದುಕೊಂಡು ಹೋದಳು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುವುದು ರೂಢಿ. ಇವರು ರಾಯಚೂರಿನವರು, ನಿವೃತ್ತ ಇಂಗ್ಲಿಷ್ ಟೀಚರು, ಕಾಚಿಗೂಡ ಸ್ಟೇಷನ್ ಹಿಂದಿನ ನಮ್ಮ ಓಣಿಯಲ್ಲೇ ಮನೆ. ನನ್ನ ಪಾಳಿ ಮುಗಿಯುವುದೂ ಅವರು ರೊಟ್ಟಿಗೆ ಕೂರುವುದೂ ಒಂದೇ ಹೊತ್ತು. ಹಾಗಾಗಿ ನನ್ನ ಶಾಲೆ ಅವರ ಅಡುಗೆಮನೆಯಲ್ಲೇ ಶುರುವಾಯಿತು.

"ಬಸವರಾಜ, ನೀವು ರೊಟ್ಟಿ ತಿನ್ನೂದನ್ನ ಕನ್ನಡದಾಗ ಹೆಂಗ ಹೇಳ್ತೀರಿ?"

"ನಾ ರೊಟ್ಟಿ ತಿಂತೀನ್ರಿ, ಅಕ್ಕೋರ."

"ನೋಡ್ರಿ, ನಮ್ಮ ಮಾತಿನ್ಯಾಗ ತಿನ್ನೂದು ಕಡೀಕ ಬರ್ತೈತಿ. ಇಂಗ್ಲಿಷಿನವರಿಗೆ ಅಷ್ಟು ತಾಳ್ಮಿ ಇಲ್ಲ. ಐ ಈಟ್ ರೊಟ್ಟಿ. ಮೊದಲ ಮಾಡಾಂವ, ಆಮ್ಯಾಲ ಮಾಡೂ ಕೆಲಸ, ಕಡೀಕ ರೊಟ್ಟಿ. ಈ ಸಾಲು ಕೆಡಿಸಿದ್ರ ರೊಟ್ಟಿನ ನಿಮ್ಮನ್ನ ತಿಂತೈತಿ!"

ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನು ಮಾತ್ರ ಗಂಭೀರವಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೂರನೆಯ ದಿನಕ್ಕೆ ಕಾಲಗಳು ಬಂದವು.

"ದಿನಾ ಮಾಡೂದು ಒಂದು, ಮಾಡಿ ಮುಗಿಸಿದ್ದು ಒಂದು, ಮುಂದ ಮಾಡೂದು ಒಂದು. ಐ ಓಪನ್, ಐ ಓಪನ್ಡ್, ಐ ವಿಲ್ ಓಪನ್. ಅವನು, ಅವಳು ಅಂತ ಬಂದ್ರ ದಿನದ ಕೆಲಸಕ್ಕ ಒಂದು ಎಸ್ ಹತ್ತಸ್ರಿ: ಶಿ ಓಪನ್ಸ್. ಇಷ್ಟರ ಮ್ಯಾಲೆ ಜಗತ್ತು ಸುತ್ತಿ ಬರಬಹುದು. ಉಳಿದ ಕಾಲ ಎಲ್ಲಾ ಶ್ರೀಮಂತರ ಚೈನಿ."

"ಗೋ ಅನ್ನೂದು ಮುಗದ ಮ್ಯಾಲೆ ವೆಂಟ್ ಯಾಕ ಆಗ್ತೈತ್ರಿ?"

"ನಿಮ್ಮ ಮಗ ಮಲ್ಲಿಕಾರ್ಜುನನ್ನ ಮನ್ಯಾಗ ಪಿಂಟ್ಯಾ ಅಂತ ಯಾಕ ಕರೀತೀರಿ? ಹಂಗ. ಕೇಳಬ್ಯಾಡ್ರಿ, ಬಾಯಿಪಾಠ ಮಾಡ್ರಿ."

ಪಟಾನ್‌ಚೆರುವಿಗೆ ಹೋಗುವ ಬಸ್ಸಿನಲ್ಲಿ ನನ್ನ ಬಾಯಿಪಾಠ ನಡೆಯಿತು. ಐ ಸಿಟ್ ಇನ್ ದಿ ಬಸ್. ಯೆಸ್ಟರ್‌ಡೇ ಐ ಸ್ಟುಡ್ ಇನ್ ದಿ ಬಸ್. ಟುಮಾರೋ ಐ ವಿಲ್ ಸ್ಟ್ಯಾಂಡ್ ಇನ್ ದಿ ಬಸ್. ಪಕ್ಕದ ಸೀಟಿನ ಪ್ಯಾಕಿಂಗ್ ವಿಭಾಗದವನು, "ಕ್ಯಾ ಮಿಯಾ, ಲಂಡನ್ ಜಾರೈಂ ಕ್ಯಾ?" ಎಂದು ಕಾಲೆಳೆದ. ಲಂಡನ್ ಅಲ್ಲ, ಅಡಿಸ್ ಅಬಾಬಾ ಅಂದೆ. ಅದೆಲ್ಲಿದೆ ಎಂದು ಇಡೀ ಬಸ್ಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಖುಷಿಯೇ ಬೇರೆ!

ಶಂಶಾಬಾದ್

ವಿಮಾನ ನಿಲ್ದಾಣ ಆಗಿನ್ನೂ ಹೊಸದು. ನೆಲ ಎಷ್ಟು ನುಣುಪೆಂದರೆ ಶಾಂತಾ ಚಪ್ಪಲಿ ಬಿಡಲೋ ಬೇಡವೋ ಎಂದು ಅನುಮಾನಿಸಿದಳು. ಬಾಗಿಲಲ್ಲಿ ನನ್ನ ಕೈಗೆ ಒಂದು ಪುಟ್ಟ ಪೊಟ್ಟಣ ತುರುಕಿದಳು. "ಕುಂಕುಮ ಐತ್ರಿ. ಮೆಷಿನ್ ಚಾಲೂ ಮಾಡೂ ಮುಂದ ಹಚ್ಚೂದು ಮರೀಬ್ಯಾಡ್ರಿ ಮತ್ತ."

ಮರೆಯುವುದುಂಟೇ! ನಮ್ಮಪ್ಪ ಲೇತ್ ಮೆಷಿನ್ನಿಗೆ ಕುಂಕುಮ ಹಚ್ಚದೆ ಸ್ವಿಚ್ ಒತ್ತಿದವರಲ್ಲ. ನಮ್ಮ ಕಾರ್ಖಾನೆಯಲ್ಲೂ ಆಯುಧಪೂಜೆಯ ದಿನ ಮೆಷಿನ್ನುಗಳೆಲ್ಲ ಮದುಮಕ್ಕಳು. ಮರುದಿನ ತೊಳೆದು ಒರೆಸಿ ಶುದ್ಧ ಮಾಡಿಯೇ ಕೆಲಸ ಶುರು, ಅದು ಬೇರೆ ಮಾತು.

ವಿಮಾನದಲ್ಲಿ ಗಗನಸಖಿ ಬಗ್ಗಿ ಏನೋ ಕೇಳಿದಳು. ನಾನು ಉಸಿರು ಎಳೆದುಕೊಂಡು ಅಂದೆ: "ಐ ಡು ನಾಟ್ ಈಟ್ ಮೀಟ್." ಅವಳು ನಕ್ಕು ತರಕಾರಿಯ ತಟ್ಟೆ ಇಟ್ಟುಹೋದಳು. ಅಯ್ಯೋ ಶಿವನೇ, ಕೆಲಸ ಮಾಡಿತು! ನನ್ನ ಬಾಯಿಂದ ಹೊರಟ ಇಂಗ್ಲಿಷು ತಟ್ಟೆಯಾಗಿ ವಾಪಸು ಬಂತು. ಹಸಿವಿರಲಿಲ್ಲ, ಆದರೂ ಒಂದು ಅಗುಳು ಬಿಡದೆ ತಿಂದೆ.

ಅಡಿಸ್ ಅಬಾಬಾ, ಮೊದಲ ದಿನ

ಆಫ್ರಿಕಾ ಎಂದರೆ ಬಿಸಿಲು ಎಂದು ನಾನು ಬರೀ ಹತ್ತಿಯ ಅಂಗಿ ಒಯ್ದಿದ್ದೆ. ಅಡಿಸ್ ಅಬಾಬಾ ಬೆಟ್ಟದ ಮೇಲಿನ ಊರು, ನಮ್ಮ ಸಂಕ್ರಾಂತಿಯ ಬೆಳಗಿನ ಚಳಿ ಅಲ್ಲಿ ಹಗಲೆಲ್ಲ. ವಸತಿಗೃಹದ ಕಂಬಳಿಯನ್ನೇ ಹೊದ್ದುಕೊಂಡು ಚಹಾ ಕುಡಿದೆ.

ಹೋಗಿ ಇಳಿದ ಸಂಜೆ ಕಾರ್ಖಾನೆಯ ಡ್ರೈವರು, "ಟುಮಾರೋ ಟೂ ಓ ಕ್ಲಾಕ್ ಐ ವಿಲ್ ಕಮ್" ಎಂದಿದ್ದ. ಅಬ್ಬಾ, ಅಕ್ಕೋರ ಪಾಠದ ವಾಕ್ಯ! ನನಗೆ ಚೆನ್ನಾಗಿ ಅರ್ಥವಾಯಿತು. ಎರಡು ಗಂಟೆಗೆ ತಾನೇ ಎಂದು ಬೆಳಗ್ಗೆ ಎಂಟಕ್ಕೆ ಆರಾಮವಾಗಿ ಸ್ನಾನಕ್ಕೆ ನಿಂತೆ. ಮೈತುಂಬ ಸೋಪು ಹಚ್ಚಿದ್ದೇನೆ, ಬಾಗಿಲು ದಬದಬ ಬಡಿಯುತ್ತಿದೆ! ಡ್ರೈವರು ತನ್ನ ಗಡಿಯಾರ ತೋರಿಸಿ ಸಿಡುಕಿದ. ಅದರಲ್ಲಿ ನಿಜಕ್ಕೂ ಎರಡು ಗಂಟೆ. ಆ ದೇಶದಲ್ಲಿ ಹೊತ್ತು ಎಣಿಸುವುದು ಸೂರ್ಯ ಹುಟ್ಟಿದಲ್ಲಿಂದ. ನಮ್ಮ ಏಳು ಗಂಟೆ ಅವರ ಒಂದು, ನಮ್ಮ ಎಂಟು ಅವರ ಎರಡು. ಕಾರ್ಖಾನೆಯ ಗೋಡೆಯ ಕ್ಯಾಲೆಂಡರು ನೋಡಿದರೆ ಇನ್ನೊಂದು ತಮಾಷೆ: ಅವರ ವರ್ಷ ನಮ್ಮದಕ್ಕಿಂತ ಏಳು ಹಿಂದೆ. ಕೂತಲ್ಲೇ ಏಳು ವರ್ಷ ಚಿಕ್ಕವನಾಗಿಬಿಟ್ಟೆ!

ಉತ್ಪಾದನೆಯ ಮ್ಯಾನೇಜರು ಟೆಸ್ಫಾಯೆ ಎಂಬ ಎತ್ತರದ ಮನುಷ್ಯ. ನಿಧಾನವಾಗಿ, ಬಿಡಿಬಿಡಿಯಾಗಿ ಇಂಗ್ಲಿಷ್ ಆಡಿದರು, ನನಗೆ ಮುಕ್ಕಾಲು ಪಾಲು ತಿಳಿಯಿತು. ಎಂಟನೆಯ ದಿನ ಬೇರೆ ದೇಶದಿಂದ ಒಬ್ಬ ತಪಾಸಣೆಯ ಮೇಡಂ ಬರುತ್ತಾರೆ. ಮೆಷಿನ್ ಪೂರ್ತಿ ವೇಗದಲ್ಲಿ ಓಡುವುದನ್ನು ನೋಡುತ್ತಾರೆ, ಮೆಷಿನ್ ನಡೆಸುವವರಿಗೆ ಇಂಗ್ಲಿಷಿನಲ್ಲಿ ಮೂರು ಪ್ರಶ್ನೆ ಕೇಳುತ್ತಾರೆ. ಅವರು ಒಪ್ಪಿದರೆ ಆಸ್ಪತ್ರೆಗಳಿಗೆ ಗುಳಿಗೆ ಹೋಗುತ್ತದೆ.

"ಆಂಡ್ ಶಿ ವಿಲ್ ರನ್ ದಿ ಮೆಷಿನ್," ಎಂದು ಅವರು ಒಬ್ಬ ಹುಡುಗಿಯನ್ನು ಮುಂದೆ ಕರೆದರು.

ಆಲ್ಮಾಜ್. ಇಪ್ಪತ್ತಾರು ವರ್ಷ, ತೆಳ್ಳನೆಯ ಮೈಕಟ್ಟು, ಚುರುಕು ಕಣ್ಣು. ನಾಲ್ಕು ವರ್ಷ ಅಲ್ಲಿಯೇ ಬಾಟಲಿ ತೊಳೆದಿದ್ದಳು. ಆ ಕಾರ್ಖಾನೆಯಲ್ಲಿ ಮೆಷಿನ್ ನಡೆಸುವ ಹೆಂಗಸು ಅದುವರೆಗೆ ಒಬ್ಬಳೂ ಇರಲಿಲ್ಲ. ತಪಾಸಣೆ ಗೆದ್ದರೆ ಅವಳು ಆಪರೇಟರ್, ಕೆಲಸ ಕಾಯಂ. ಸೋತರೆ ಮರಳಿ ಬಾಟಲಿ ತೊಳೆಯುವುದಕ್ಕೆ. ಟೆಸ್ಫಾಯೆ ಇದನ್ನು ಅವಳ ಎದುರಿಗೇ ಹೇಳಿದರು.

"ಯು ಅಂಡರ್‌ಸ್ಟ್ಯಾಂಡ್?" ಎಂದು ನಾನು ಅವಳನ್ನು ಕೇಳಿದೆ. ಅವಳು ಹಕ್ಕನೆ ಉಸಿರನ್ನು ಒಳಗೆಳೆದಳು, ಬೆರಳು ಬಾಗಿಲಿಗೆ ಸಿಕ್ಕವರ ಹಾಗೆ. ನಾನು ಹೌಹಾರಿ ಅವಳ ಕೈ ನೋಡಿದೆ. ಏನೂ ಆಗಿರಲಿಲ್ಲ. ಅಲ್ಲಿಯವರು ಹೌದು ಎನ್ನುವುದೇ ಹಾಗಂತೆ! ನಾವು ಹೂಂ ಎಂದು ಉಸಿರು ಬಿಟ್ಟರೆ ಅವರು ಎಳೆದುಕೊಳ್ಳುತ್ತಾರೆ.

ಮೂರನೆಯ ದಿನ, ಬುಧವಾರ

ಪೆಟ್ಟಿಗೆ ಬಿಚ್ಚಿ ಮೆಷಿನ್ ಜೋಡಿಸಲು ಶುರುಮಾಡಿದೆವು. ಆಲ್ಮಾಜ್ ಸ್ಪ್ಯಾನರ್ ಹಿಡಿದ ರೀತಿ ನೋಡಿಯೇ ನನಗೆ ಧೈರ್ಯ ಬಂತು. ಹೊಸಬರು ಬೋಲ್ಟಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೆ, ಅವಳು ಅದರ ಜೊತೆ ಮಾತಾಡುತ್ತಿದ್ದಳು.

"ಮಿಸ್ಟರ್ ಬಸ, ಐ ಬೋಲ್ಟ್ ಟೈಟ್!" ಎಂದು ಕೂಗಿದಳು.

"ಗುಡ್, ಯು ಪ್ಲೇಟ್ ಲಿಫ್ಟ್!" ಅಂದೆ.

ಅರ್ಧ ದಿನ ಹೀಗೇ ಸಲೀಸಾಗಿ ನಡೆಯಿತು. ಆಮೇಲೆ ಹೊಳೆಯಿತು, ನಾವಿಬ್ಬರೂ ಒಂದೇ ತಪ್ಪು ಮಾಡುತ್ತಿದ್ದೇವೆ! ಅವರ ಅಮ್ಹಾರಿಕ್ ಭಾಷೆಯಲ್ಲೂ ನಮ್ಮಂತೆ ಕೆಲಸದ ಮಾತು ಕೊನೆಗೇ ಬರುವುದು. ಸಾವಿರಾರು ಮೈಲಿ ದೂರದಲ್ಲಿ ಹುಟ್ಟಿದ ಇಬ್ಬರು ಇಂಗ್ಲಿಷನ್ನು ಒಂದೇ ರೀತಿ ಹಾಳುಮಾಡುವುದೆಂದರೆ! ನನಗೆ ಅವಳು ನಮ್ಮ ಓಣಿಯವಳೇ ಅನ್ನಿಸಿಬಿಟ್ಟಿತು. ಆದರೆ ತಪಾಸಣೆಯ ಮೇಡಂ ನಮ್ಮ ಓಣಿಯವರಲ್ಲವಲ್ಲ. ಅವತ್ತು ಊಟದ ಹೊತ್ತಿಗೆ ಅಕ್ಕೋರ ಪಾಠವನ್ನು ನಾನು ಹೇಳತೊಡಗಿದೆ.

ಊಟ ಎಂದರೆ ಇಂಜೆರಾ. ತಟ್ಟೆಯಗಲದ, ಮೆತ್ತನೆಯ, ಹುಳಿ ಬಂದ ದೋಸೆ. ಬುಧವಾರ, ಶುಕ್ರವಾರ ಅವರಿಗೆ ವ್ರತ, ಹಾಲನ್ನೂ ಮುಟ್ಟುವುದಿಲ್ಲ. ಹಾಗಾಗಿ ನನಗೆ ಹಬ್ಬ. ಅದರ ಮೇಲೆ ಸುರಿದದ್ದು ಕಡಲೆಹಿಟ್ಟಿನ ಪಲ್ಯ. ಬಾಯಿಗಿಟ್ಟರೆ ಥೇಟ್ ನಮ್ಮ ಝುಣಕ! ಮೇಲೆ ಉದುರಿಸುವ ಬರ್ಬೆರೆ ಎಂಬ ಕೆಂಪು ಮಸಾಲೆ ನಮ್ಮ ಖಾರಪುಡಿಯ ಒಡಹುಟ್ಟು. ಆಲ್ಮಾಜ್ ಅದರ ಪುಟ್ಟ ಡಬ್ಬಿಯನ್ನು ಯಾವಾಗಲೂ ಜೊತೆಗಿಟ್ಟುಕೊಂಡೇ ಇರುತ್ತಿದ್ದಳು.

"ಐ ಈಟ್ ಇಂಜೆರಾ," ಎಂದು ತೋರಿಸಿದೆ. "ಐ ಇಂಜೆರಾ ಈಟ್, ನೋ. ಇಂಜೆರಾ ಈಟ್ಸ್ ಮಿ, ಡೇಂಜರ್!"

ಕ್ಯಾಂಟೀನಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಆಲ್ಮಾಜ್ ಒಂದು ದೊಡ್ಡ ತುತ್ತು ಸುತ್ತಿ ನೇರ ನನ್ನ ಬಾಯಿಗೆ ಇಟ್ಟಳು! ಮದುವೆಯ ದಿನ ಶಾಂತಾ ನನಗೆ ತುತ್ತಿಟ್ಟಿದ್ದು ಬಿಟ್ಟರೆ ಇನ್ನಾರೂ ಇಟ್ಟಿರಲಿಲ್ಲ. ಕಿವಿಯವರೆಗೂ ಬಿಸಿಯಾದೆ. ಅಲ್ಲಿ ಅದು ಅತಿಥಿಗೆ ತೋರುವ ಗೌರವವಂತೆ. ತುತ್ತು ದೊಡ್ಡದಾದಷ್ಟೂ ಪ್ರೀತಿ ಹೆಚ್ಚು. ಇನ್ನೂ ಮೂವರು ಗೌರವ ತೋರಿಸಿದರು, ನನಗೆ ಉಸಿರು ಕಟ್ಟಿತು.

ಐದನೆಯ ದಿನ, ಶುಕ್ರವಾರ

ಮೆಷಿನ್ ಎದ್ದು ನಿಂತಿತು! ನನ್ನ ಹಳೆಯ ಗೆಳೆಯ, ಹೊಸ ಊರಿನಲ್ಲಿ, ಹೊಸ ಗೋಡೆಗಳ ನಡುವೆ. ಹದಿನೈದು ವರ್ಷ ನನಗೆ ಅನ್ನ ಹಾಕಿದ ಮೆಷಿನ್ನನ್ನು ಅಲ್ಲಿ ಬಿಟ್ಟುಬರಬೇಕಲ್ಲ ಎಂದು ಅದರ ಮೈಯನ್ನು ಒಮ್ಮೆ ಸವರಿದೆ. ಸ್ವಿಚ್ ಒತ್ತುವ ಮುಂಚೆ ಕಿಸೆಯಿಂದ ಶಾಂತಾ ಕೊಟ್ಟ ಪೊಟ್ಟಣ ತೆಗೆದೆ.

ಗುಳಿಗೆ ಕೋಣೆಯಲ್ಲಿ ಹೊರಗಿನ ಒಂದು ಕಣ ಧೂಳೂ ಇರಬಾರದೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅದಕ್ಕೇ ನಾನು ಜಾಣತನ ಮಾಡಿದೆ. ಮೇಲೆ, ಗುಳಿಗೆ ಬೀಳುವ ಜಾಗದ ಹತ್ತಿರವೂ ಹೋಗಲಿಲ್ಲ. ಕೆಳಗೆ ಮೋಟಾರು ಇರುವ ಕಬ್ಬಿಣದ ಗೂಡಿನ ಬಾಗಿಲು ತೆಗೆದು, ಒಳಗೋಡೆಗೆ ಹೆಬ್ಬೆರಳಿನಿಂದ ದೊಡ್ಡದಾಗಿ ಕುಂಕುಮ ಇಟ್ಟೆ. ಉಳಿದದ್ದನ್ನು ಮೋಟಾರಿನ ಪಾದಕ್ಕೆ ಸುರಿದೆ. ಕೈಮುಗಿದು, ಬಾಗಿಲು ಮುಚ್ಚಿ, ಬೀಗ ಹಾಕಿ, ಕೀಲಿ ಕಿಸೆಗೆ ಹಾಕಿಕೊಂಡೆ. ದೇವರಿಗೂ ಸಂದಿತು, ನಿಯಮವೂ ಉಳಿಯಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಲ್ಮಾಜ್ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. "ವಾಟ್?" ಎಂದಳು.

"ಫಾರ್ ಗಾಡ್," ಎಂದೆ.

ಅವಳು ತಕ್ಷಣ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಸ್ವಿಚ್ ಒತ್ತಿದೆವು. ನಿಧಾನದ ವೇಗದಲ್ಲಿ ಬಿಳೀ ಗುಳಿಗೆಗಳು ಟಪಟಪ ಉದುರಿದವು. ಇಬ್ಬರೂ ಮಕ್ಕಳಂತೆ ಕುಣಿದೆವು.

ಏಳನೆಯ ದಿನ, ಭಾನುವಾರ

ಆಲ್ಮಾಜಳ ಮನೆಗೆ ಕಾಫಿಗೆ ಹೋದೆ. ಕಾಫಿ ಎಂದರೆ ನಮ್ಮಂತೆ ಎರಡು ಗುಟುಕಿನ ವಿಚಾರವಲ್ಲ. ಅವಳ ತಾಯಿ ನೆಲದ ಮೇಲೆ ಹಸಿರು ಹುಲ್ಲು ಹಾಸಿ, ಹಸಿ ಬೀಜವನ್ನು ಎದುರಿಗೇ ಹುರಿದು, ಹೊಗೆಯನ್ನು ನನ್ನ ಮುಖಕ್ಕೆ ಬೀಸಿದರು. ಪಕ್ಕದಲ್ಲಿ ಧೂಪ. ತಿನ್ನಲು ಜೋಳದ ಅರಳು. ಒಬ್ಬ ಅತಿಥಿ ಮೂರು ಲೋಟ ಕುಡಿಯದೆ ಏಳುವಂತಿಲ್ಲ, ಎದ್ದರೆ ಮನೆಯವರಿಗೆ ಅವಮಾನ.

ಮೂರು ಲೋಟ, ಮೂರು ಕಾಲ! ನಾನು ಅಷ್ಟು ಒಳ್ಳೆಯ ಅವಕಾಶ ಬಿಡುತ್ತೇನೆಯೇ? ಮೊದಲನೆಯ ಲೋಟಕ್ಕೆ ದಿನದ ಕೆಲಸ ಹೇಳಿಸಿದೆ. ಎರಡನೆಯದಕ್ಕೆ ಮಾಡಿ ಮುಗಿಸಿದ್ದು.

"ಟುಡೇ ಐ ಡಿಡ್ ನಾಟ್ ಕ್ಲೀನ್ಡ್..."

"ಕ್ಲೀನ್! ಡಿಡ್ ಬಂತು ಅಂದ್ರ ಅದರ ಬಾಲ ಕತ್ತರಸ್ಬೇಕು!" ಉತ್ಸಾಹದಲ್ಲಿ ಕನ್ನಡದಲ್ಲೇ ಕೂಗಿದೆ. ಆದರೂ ಅವಳಿಗೆ ಅರ್ಥವಾಯಿತು. ಕೈಯಿಂದ ಕತ್ತರಿ ಆಡಿಸಿ ತೋರಿಸಿದ್ದೆನಲ್ಲ.

ಮೂರನೆಯ ಲೋಟಕ್ಕೆ ಅವಳ ತಾಯಿ ಏನೋ ಕೇಳಿದರು. ಆಲ್ಮಾಜ್ ತಡವರಿಸುತ್ತ ಇಂಗ್ಲಿಷಿಗೆ ತಂದಳು: "ಮೈ ಮದರ್ ಆಸ್ಕ್ಸ್, ಐ ವಿಲ್ ಗೆಟ್ ದಿ ಜಾಬ್?" ತಾಯಿಯ ಕಣ್ಣು ನನ್ನ ಮುಖದ ಮೇಲೆಯೇ ಇತ್ತು. ಯಾರಪ್ಪನ ಗಂಟು ಹೋಗುವುದು ಎಂಬಂತೆ ಎದೆ ತಟ್ಟಿ ಹೇಳಿಬಿಟ್ಟೆ: "ಎಸ್! ಶಿ ವಿಲ್ ಗೆಟ್!"

ಎಂಟನೆಯ ದಿನ, ಸೋಮವಾರ

ತಪಾಸಣೆಯ ಮೇಡಂ ನರೆಗೂದಲಿನ, ನಗು ಕಡಿಮೆಯ ಹೆಂಗಸು. ಆಲ್ಮಾಜ್ ತಲೆಗವುಸು ಕಟ್ಟಿಕೊಂಡು ಮೆಷಿನ್ ಮುಂದೆ ನಿಂತಳು. ಪ್ರಶ್ನೆಗಳು ಬಂದವು. ದಿನಾ ಏನು ಮಾಡುತ್ತೀ? ಇವತ್ತು ಚಾಲೂ ಮಾಡುವ ಮುಂಚೆ ಏನು ಮಾಡಿದೆ? ಮೆಷಿನ್ ನಿಂತರೆ ಏನು ಮಾಡುತ್ತೀ?

"ಎವ್ರಿ ಡೇ ಐ ಕ್ಲೀನ್ ದಿ ಮೆಷಿನ್. ಟುಡೇ ಐ ಚೆಕ್ಡ್ ದಿ ಪಂಚಸ್. ಐ ವಿಲ್ ಸ್ವಿಚ್ ಆಫ್, ಐ ವಿಲ್ ಕಾಲ್ ದಿ ಫಿಟರ್."

ಒಂದು ಅಕ್ಷರ ಅತ್ತಿತ್ತ ಇಲ್ಲ! ಚಪ್ಪಾಳೆಗೆ ಎದ್ದ ಕೈಯನ್ನು ಹೇಗೋ ಜೇಬಿಗೆ ಹಾಕಿಕೊಂಡೆ. ಮೇಡಂ ಟಿಪ್ಪಣಿ ಬರೆದುಕೊಂಡು ಮೆಷಿನ್ನನ್ನು ಪೂರ್ತಿ ವೇಗಕ್ಕೆ ಏರಿಸಲು ಹೇಳಿದರು. ನೆಲ ಗುಡುಗುಟ್ಟಿತು. ಎರಡು ತಾಸು ಓಡಿತು. ಆಮೇಲೆ ಮೇಡಂ ಒಂದು ಟ್ರೇ ತುಂಬ ಗುಳಿಗೆ ತೆಗೆದು ದೀಪದ ಕೆಳಗೆ ಹರಡಿದರು.

ಬಿಳೀ ಗುಳಿಗೆಗಳ ಮೇಲೆ ಕೆಂಪು ಚುಕ್ಕೆ. ಒಂದರ ಮೇಲಲ್ಲ, ಹತ್ತಾರರ ಮೇಲೆ.

ಮೆಷಿನ್ ನಿಲ್ಲಿಸಿದರು. ಟೆಸ್ಫಾಯೆಯ ಮುಖ ಕ್ಷಣದಲ್ಲಿ ಕಲ್ಲಾಯಿತು. ನೇರ ಹೋಗಿ ಹೊರಗಿನ ಕಪಾಟಿನಿಂದ ಆಲ್ಮಾಜಳ ಊಟದ ಚೀಲ ತಂದು ಮೇಜಿನ ಮೇಲೆ ಕೊಡವಿದರು. ಬರ್ಬೆರೆಯ ಡಬ್ಬಿ ಉರುಳಿತು. ಮುಚ್ಚಳ ಸಡಿಲ, ಸುತ್ತ ಕೆಂಪು ಪುಡಿ.

"ಡಿಡ್ ಯು ವಾಷ್ ಯುವರ್ ಹ್ಯಾಂಡ್ಸ್?" ಎಂದು ಕೇಳಿದರು ಮೇಡಂ.

"ಐ ವಾಷ್ಡ್."

"ಆರ್ ಯು ಶೂರ್?"

"ಐ ವಾಷ್ಡ್," ಎಂದಳು ಮತ್ತೆ, ಎರಡೂ ಅಂಗೈ ಚಾಚಿ ತೋರಿಸುತ್ತ.

ನನಗೆ ಆ ಬಣ್ಣ ಕಂಡ ಕ್ಷಣವೇ ಗೊತ್ತಾಗಿತ್ತು. ಬರ್ಬೆರೆ ಇಟ್ಟಿಗೆಯ ಬಣ್ಣ. ಈ ಚುಕ್ಕೆ ನಮ್ಮ ದೇವರ ಮನೆಯ ಬಣ್ಣ. ಪೂರ್ತಿ ವೇಗಕ್ಕೆ ಹೋದಾಗ ಮೋಟಾರಿನ ಫ್ಯಾನು ಕುಂಕುಮವನ್ನು ಸಂದಿಯಿಂದ ಮೇಲಕ್ಕೆ ಊದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು, ಬೀಗದ ಕೀಲಿ ನನ್ನ ಕಿಸೆಯಲ್ಲೇ ಇದೆ, ಸಂಜೆ ಒರೆಸಿಬಿಟ್ಟರಾಯಿತು, ನಮ್ಮ ಕಂಪನಿಯ ಮಾನವೂ ಉಳಿಯುತ್ತದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಇದನ್ನೆಲ್ಲ ನಾನು ಯೋಚಿಸಿದೆ.

ಆಲ್ಮಾಜ್ ಒಂದೇ ಒಂದು ಸಲ ನನ್ನ ಕಡೆ ನೋಡಿದಳು. ಅವಳಿಗೂ ಗೊತ್ತು! ಶುಕ್ರವಾರ ಪಕ್ಕದಲ್ಲೇ ನಿಂತಿದ್ದವಳು. ಕೈ ಎತ್ತಿ ನನ್ನನ್ನು ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ. ದೇವರಿಗೆಂದು ಇಟ್ಟದ್ದನ್ನು ದೂರಬಾರದು ಎಂದುಕೊಂಡಳೋ, ಅತಿಥಿ ಎಂದುಕೊಂಡಳೋ. ಟೆಸ್ಫಾಯೆ ಅವಳ ಭಾಷೆಯಲ್ಲಿ ಏನೋ ಅಂದರು. ಅವಳು ತಲೆಗವುಸು ಬಿಚ್ಚಿ ಮಡಿಸಿ ಮೇಜಿನ ಮೇಲಿಟ್ಟಳು.

ಹಿಂದಿನ ದಿನ ಅವಳ ತಾಯಿಯ ಎದುರು ಎದೆ ತಟ್ಟಿದ್ದ ಕೈ ನನ್ನದೇ ತಾನೇ?

"ಮ್ಯಾಡಮ್!" ಎಂದು ಕಿರುಚಿದೆ. "ಶಿ ಡಿಡ್ ನಾಟ್ ಪುಟ್. ಐ ಪುಟ್. ಫ್ರೈಡೇ, ಐ ಪುಟ್!"

ಕೀಲಿ ತೆಗೆದು ಗೂಡಿನ ಬಾಗಿಲು ಹಾರುಹೊಡೆದೆ. ಒಳಗೆಲ್ಲ ಹೋಳಿಯಾಡಿದಂತೆ ಕೆಂಪು. ಮೇಡಂ ಮೊಣಕಾಲೂರಿ ಕೂತು ಬಿಳೀ ಬಟ್ಟೆಯಲ್ಲಿ ಒರೆಸಿ ನೋಡಿದರು. "ವೈ?" ಎಂದು ಕೇಳಿದರು.

ಕುಂಕುಮಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ಅಕ್ಕೋರು ಹೇಳಿಕೊಟ್ಟಿರಲಿಲ್ಲ. ಇದ್ದಷ್ಟರಲ್ಲೇ ಹೇಳಿದೆ: "ಮೈ ಫಾದರ್ ವರ್ಕ್ಡ್ ಆನ್ ಎ ಲೇತ್. ಹಿ ಪುಟ್ ಕುಂಕುಮ. ಐ ವರ್ಕ್ ಆನ್ ದಿಸ್ ಮೆಷಿನ್. ಐ ಪುಟ್ ಕುಂಕುಮ. ದಿಸ್ ಮೆಷಿನ್ ಗೇವ್ ಮಿ ರೊಟ್ಟಿ, ಫಿಫ್ಟೀನ್ ಇಯರ್ಸ್."

ಅವರು ಬೈಯಲಿಲ್ಲ, ನಗಲೂ ಇಲ್ಲ. ಚುಕ್ಕೆಯಿದ್ದ ಒಂದು ಗುಳಿಗೆಯನ್ನು ನನ್ನ ಅಂಗೈ ಮೇಲಿಟ್ಟರು. "ಎ ಸಿಕ್ ಚೈಲ್ಡ್ ವಿಲ್ ಈಟ್ ದಿಸ್," ಅಂದರು.

ಕಾಯಿಲೆಯ ಮಗು. ಆ ಸರಳ ವಾಕ್ಯ ನನಗೆ ಪೂರ್ತಿ ಅರ್ಥವಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಪ್ಪತ್ತೆರಡು ವರ್ಷ ಗುಳಿಗೆ ಕಾರ್ಖಾನೆಯಲ್ಲಿದ್ದು ಆ ಮಗುವನ್ನು ನಾನು ಒಂದು ಸಲವೂ ನೆನೆದಿರಲಿಲ್ಲ.

ತೀರ್ಪು ಅಲ್ಲೇ ಬಂತು. ಅವತ್ತಿನ ಗುಳಿಗೆಯೆಲ್ಲ ನಾಶ. ಮೆಷಿನ್ನನ್ನು ಕೊನೆಯ ತಿರುಪಿನವರೆಗೂ ಬಿಚ್ಚಿ ತೊಳೆದು ಮತ್ತೆ ಜೋಡಿಸಬೇಕು. ಗುರುವಾರ ಮರು ತಪಾಸಣೆ, ಅದೇ ಕೊನೆಯ ಅವಕಾಶ. ಮತ್ತು ಮಿಸ್ಟರ್ ಬಸವರಾಜ್ ಆ ಕೋಣೆಯೊಳಗೆ ಕಾಲಿಡುವಂತಿಲ್ಲ.

"ದೆನ್ ಹು ವಿಲ್ ಡು ಇಟ್?" ಎಂದು ಟೆಸ್ಫಾಯೆ ಕೈಚೆಲ್ಲಿದರು.

ಆಲ್ಮಾಜ್ ಮೇಜಿನ ಮೇಲಿದ್ದ ತಲೆಗವುಸು ಎತ್ತಿ ಕಟ್ಟಿಕೊಂಡಳು. "ಐ ವಿಲ್," ಎಂದಳು.

ಹನ್ನೊಂದನೆಯ ದಿನ, ಗುರುವಾರ

ಎರಡು ದಿನ ನಾನು ಗಾಜಿನ ಗೋಡೆಯ ಹೊರಗೆ ನಿಂತು ನೋಡಿದೆ. ಸ್ಟೂಲು ಕೊಟ್ಟರು, ಕೂರಲಾಗಲಿಲ್ಲ. ಅವಳು ಬಿಚ್ಚಿದಳು, ತೊಳೆದಳು, ಗುಳಿಗೆ ಒತ್ತುವ ಪಂಚುಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಗಾಜಿನಾಚೆಯಿಂದ ಕೂಗಿದರೆ ಕೇಳಿಸುವುದಿಲ್ಲ. ಒಂದು ಸಲ ಅವಳು ತಪ್ಪು ಸ್ಪ್ಯಾನರ್ ಎತ್ತಿದಾಗ ನಾನು ಗಾಜು ಬಡಿದೆ, ಕಾವಲಿನವನು ನನ್ನ ಹೆಗಲು ಹಿಡಿದು ಹಿಂದಕ್ಕೆಳೆದ. ಅಷ್ಟರಲ್ಲಿ ಅವಳೇ ಅದನ್ನು ಕೆಳಗಿಟ್ಟು ಸರಿಯಾದದ್ದನ್ನು ಹುಡುಕಿಕೊಂಡಿದ್ದಳು.

ನಮ್ಮ ಕಂಪನಿಗೆ ಅಷ್ಟರಲ್ಲಿ ದೂರಿನ ಪತ್ರ ಹೋಗಿತ್ತು. ಊರಿಗೆ ಬಂದ ಮೇಲೆ ಮಂಗಳಾರತಿಯೂ ಆಯಿತು. ಮುಂದೆ ನನ್ನನ್ನು ಶಂಶಾಬಾದಿನ ದಾರಿಗೆ ಯಾರೂ ಕಳಿಸಲಿಲ್ಲ. ಪರವಾಗಿಲ್ಲ, ಮಾಡಿದ್ದುಣ್ಣಬೇಕು. ಆ ಗುರುವಾರ ನನ್ನ ತಲೆಯಲ್ಲಿ ಅದೊಂದೂ ಇರಲಿಲ್ಲ. ಇದ್ದದ್ದು ಒಂದೇ ಯೋಚನೆ: ಅವಳಿಗೆ ಕೆಲಸ ಸಿಗುತ್ತದೆಯೋ ಇಲ್ಲವೋ?

ಮೇಡಂ ಬಂದರು. ಆಲ್ಮಾಜ್ ಸ್ವಿಚ್ ಒತ್ತಿದಳು. ಪೂರ್ತಿ ವೇಗ. ಒಂದು ತಾಸು, ಎರಡು ತಾಸು. ಟ್ರೇ ದೀಪದ ಕೆಳಗೆ ಹೋಯಿತು. ಮೇಡಂ ಬೆರಳಿನಿಂದ ಗುಳಿಗೆಗಳನ್ನು ಹರಡಿದರು, ತಿರುಗಿಸಿದರು, ಮತ್ತೆ ಹರಡಿದರು. ನಾನು ಗಾಜಿಗೆ ಮೂಗು ಒತ್ತಿ, ನನ್ನ ಉಸಿರಿನಿಂದ ಮಂಜಾದದ್ದನ್ನು ತೋಳಿನಿಂದ ಒರೆಸಿ ಒರೆಸಿ ನೋಡಿದೆ. ಬಿಳಿ! ಎಲ್ಲ ಬಿಳಿ! ಮೇಡಂ ಕಾಗದಕ್ಕೆ ಸಹಿ ಹಾಕಿದರು.

ಟೆಸ್ಫಾಯೆ ಹೊರಗೆ ಬಂದು ನನ್ನ ಎದುರು ನಿಂತರು. ಸೋಮವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದವರು. "ಶಿ ಈಸ್ ಅವರ್ ಆಪರೇಟರ್," ಎಂದರು.

ನಾನು ಆ ಕಾವಲಿನವನನ್ನೇ ತಬ್ಬಿಕೊಂಡು ಎತ್ತಿಬಿಟ್ಟೆ! ಅವನೂ ನಗುತ್ತ ತನ್ನ ಭುಜವನ್ನು ನನ್ನ ಭುಜಕ್ಕೆ ಢಿಕ್ಕಿ ಹೊಡೆದ, ಅಲ್ಲಿಯ ಗೆಳೆಯರ ರೀತಿ ಅದು. ಆಮೇಲೆ ಗಾಜಿನ ಹತ್ತಿರ ಓಡಿ ಎರಡೂ ಕೈ ಎತ್ತಿ ಬೀಸಿದೆ. ಆಲ್ಮಾಜ್, ಆಲ್ಮಾಜ್ ಎಂದು ಗಂಟಲು ಹರಿಯುವಂತೆ ಕೂಗಿದೆ, ಕೇಳಿಸುವುದಿಲ್ಲವೆಂದು ಗೊತ್ತಿದ್ದರೂ.

ಅವಳು ಒಂದು ಸಲವೂ ಈ ಕಡೆ ತಿರುಗಲಿಲ್ಲ. ಮೆಷಿನ್ ಇನ್ನೂ ಓಡುತ್ತಿತ್ತು.